ಜಿಪುಣಜ್ಜಿ ಎತ್ತಿಟ್ಟ ಅರ್ಧ

ಮಾನ್ಯ ಅಧ್ಯಕ್ಷರೇ, ಬೀಜದ ಮನೆಯ ಈ ವಾರ್ಷಿಕ ಸಭೆಗೆ ಬಿಡುವು ಮಾಡಿಕೊಂಡು ಬಂದಿರುವ ಅತಿಥಿಗಳೇ, ಹಿಂದಿನ ಬೆಂಚಿನಲ್ಲಿ ಆಗಲೇ ಆಕಳಿಸುತ್ತಿರುವ ನನ್ನ ಭಾವನವರೇ, ಸಭಿಕರೇ,

ಇಂದು ನಾವು ಸನ್ಮಾನಿಸುತ್ತಿರುವುದು ಜಿಪುಣಜ್ಜಿಯನ್ನು. ಈ ಹೆಸರಿಟ್ಟವರು ಯಾರು? ನಾವೇ. ಬಿತ್ತುವ ಬೀಜದಲ್ಲಿ ಅರ್ಧವನ್ನು ಮಡಕೆಯಲ್ಲಿ ಬಚ್ಚಿಡುತ್ತಾರೆಂದು ಆಡಿಕೊಂಡವರು ಯಾರು? ಅದೂ ನಾವೇ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಆಗ ನಾನು ಕೃಷಿ ಕಚೇರಿಯಲ್ಲಿ ಮಳೆ ಅಳೆಯುವವನು. ಬೋರ್ಡಿನ ಮೇಲೆ ನಾನು ಮಳೆಯ ಲೆಕ್ಕ ಬರೆದರೆ ಊರೇ ಬಿತ್ತನೆಗೆ ಹೊರಡುತ್ತಿತ್ತು. ತಲೆ ತಿರುಗದೆ ಇರುತ್ತದೆಯೇ?

ಹನ್ನೆರಡು ವರ್ಷದ ಹಿಂದೆ ಒಂದು ಬೆಳಿಗ್ಗೆ, ಬಿದ್ದದ್ದು ತುಂತುರು; ಮಳೆಮಾಪಕದಲ್ಲಿ ಮೂವತ್ತು ಮಿಲಿಮೀಟರ್! "ಬಿತ್ರೋ!" ಎಂದೆ. ಮಣ್ಣು ಕೆದಕಿ ಅನುಮಾನಪಟ್ಟವರಿಗೆ, "ಯಂತ್ರಕ್ಕಿಂತ ನಿಮ್ಮ ಬೆರಳು ದೊಡ್ಡದಾ?" ಎಂದು ಬಾಯಿ ಮುಚ್ಚಿಸಿದೆ. ಅಜ್ಜಿಯೊಬ್ಬರನ್ನು ಬಿಟ್ಟು ಎಲ್ಲರೂ ಇದ್ದಬದ್ದ ಬೀಜವನ್ನೆಲ್ಲ ಬಿತ್ತಿದರು. ಮೊಳಕೆ ಕಣ್ಣು ಬಿಡುವಷ್ಟರಲ್ಲಿ ಒಣಗಿಹೋಯಿತು.

ಮೂರು ವಾರಕ್ಕೆ ನಿಜವಾದ ಮಳೆ ಬಂತು. ಬೀಜವೆಲ್ಲಿ? ಅಂಗಡಿಯಲ್ಲೂ ಇಲ್ಲ. ವರ್ಷದ ಅನ್ನದ ಪ್ರಶ್ನೆ, ಸ್ವಾಮಿ! ಎಲ್ಲರೂ ಅಜ್ಜಿಯ ಬಾಗಿಲಿಗೆ ಓಡಿದರು. ಅಜ್ಜಿ ಏಳು ಮಡಕೆ ತೆರೆದು, ಊರಿನ ಇಪ್ಪತ್ತು ಮನೆಗೂ ಅಳೆದುಕೊಟ್ಟು, "ಬೆಳೆದ್ಮೇಲೆ ವಾಪಸ್ ತಂದ್ಹಾಕಿ. ಇನ್ಮೇಲೆ ಯಾರೂ ಮಡಕೆ ತಳ ಕಾಣೋ ಹಾಗೆ ಬಿತ್ತಬೇಡಿ" ಎಂದರು. ಈ ಬೀಜದ ಮನೆ ಹುಟ್ಟಿದ್ದು ಹಾಗೆ. ಆಮೇಲೆ ಎರಡು ಸಲ ಮಳೆ ಕೈಕೊಟ್ಟಿತು. ನಮ್ಮ ಯಾವ ಮನೆಯ ಒಲೆಯೂ ಆರಲಿಲ್ಲ.

ಹಾಗಾದರೆ ಆ ಮೂವತ್ತು ಮಿಲಿಮೀಟರ್ ಎಲ್ಲಿಂದ ಬಂತು? ಇದು ನನ್ನ ಚೀಟಿಯಲ್ಲಿಲ್ಲ. ಆದರೂ ಬಾಯಿಗೆ ಬಂದಿದೆ, ಹೇಳಿಬಿಡುತ್ತೇನೆ. ಹಿಂದಿನ ದಿನ ನನ್ನ ಹೊದಿಕೆ ಒಗೆದು, ಹಿಂಡಲು ಸೋಮಾರಿತನವಾಗಿ, ಮಾಪಕದ ಮೇಲೆ ಹಾದುಹೋಗಿದ್ದ ತಂತಿಗೆ ಹಾಕಿದ್ದೆ! ರಾತ್ರಿಯೆಲ್ಲ ಅದರ ನೀರು ಮಾಪಕಕ್ಕೆ ತೊಟ್ಟಿಕ್ಕಿತ್ತು. ಅದು ಹೊಳೆದದ್ದು ಬಿತ್ತನೆ ಮುಗಿದ ಮೇಲೆ. ಹೇಳಲು ಧೈರ್ಯ ಬರಲಿಲ್ಲ. ಇಂದಿಗೂ ನಾಚಿಕೆಯಾಗುತ್ತದೆ.

ಮೊನ್ನೆ ಅಜ್ಜಿಯ ಮುಂದೆ ತಪ್ಪೊಪ್ಪಿಕೊಂಡೆ. ಮೊರದಿಂದ ತಲೆಯೆತ್ತದೆ ಅಂದರು: "ಗೊತ್ತಿತ್ತು ಕಣೋ. ಎಲ್ರೂ ಬಿತ್ತಿ ಬಂದ್ಮೇಲೆ ನಿನ್ನ ಮಾಪಕದೊಳಗೆ ಇಣುಕಿ ನೋಡ್ದೆ, ತಳದಲ್ಲಿ ನೊರೆ. ಮಳೆ ಯಾವತ್ತಿಂದ ಸೋಪು ಹಚ್ಕೊಂಡು ಬರೋಕೆ ಶುರು ಮಾಡ್ತು?"

"ಮತ್ತೆ ಯಾಕಜ್ಜಿ ಯಾರಿಗೂ ಹೇಳ್ಲಿಲ್ಲ?"

"ಹೇಳಿದ್ರೆ ನಿನ್ನನ್ನ ಊರು ಬಿಡಿಸಿ ಓಡಿಸ್ತಿದ್ರು. ನಿಜವಾದ ಮಳೆ ಬಂದಾಗ ಅಳೆಯೋರು ಬೇಡ್ವಾ? ಬೀಜದ ಜೊತೆ ನಿನ್ನೂ ಎತ್ತಿಟ್ಕೊಂಡೆ."

ಸಿಟ್ಟು ಬಂದವರು ಊಟವಾದ ಮೇಲೆ ಸರದಿಯಲ್ಲಿ ಬಂದು ಬೈಯಬಹುದು, ನಾನು ಇಲ್ಲೇ ಇರುತ್ತೇನೆ. ನನ್ನನ್ನು ಎತ್ತಿಟ್ಟ ಅಜ್ಜಿಗೂ, ಇಷ್ಟು ಹೊತ್ತು ಸಹಿಸಿದ ನಿಮಗೂ ಧನ್ಯವಾದ. ನಮಸ್ಕಾರ.