ಖಂಡನೆಯ ಸರದಿ

...ಬ್ಯಾಡ, ಚಾಪೆ ಬ್ಯಾಡ. ಈ ಟ್ರಂಕಿನ ಮೇಲೇ ಕೂಡ್ತೀನಿ, ಏನಾಗಲ್ಲ. ನೀನು ಏಳಬ್ಯಾಡ ಪುಷ್ಪಲತಾ, ಕೂತ್ಕೊ. ಚಾ ಬ್ಯಾಡ ಅಂತ ನಿಮ್ಮವ್ವಗೂ ಬಾಗಿಲಲ್ಲೇ ಹೇಳಿ ಬಂದೆ. ನಾನು ಕಂಡೋರ ಮನೇಲಿ ಏನೂ ತಗಳಲ್ಲ, ನಿನಗೆ ಗೊತ್ತಲ್ಲ. ಪಾಪ ಯಶೋದಾ, ಮಂಡಕ್ಕಿ ಭಟ್ಟಿ ಕೆಲಸಕ್ಕೆ ಹೊರಟು ನಿಂತಿದ್ಲು. ನನ್ನ ನೋಡಿದ ಕೂಡ್ಲೇ ಸೆರಗು ಬಾಯಿಗೆ ಇಟ್ಕೊಂಡು ಅತ್ಲು. ಹರಿಹರದಿಂದ ಬಂದಾಗಿಂದ ಒಂದು ಮಾತೂ ಆಡಿಲ್ಲ ಮಿಸ್, ನೀವಾದ್ರೂ ಆಡಿಸ್ರಿ ಅಂದ್ಲು. ನೀನು ಹೋಗಿ ಬಾ, ನಾನು ಆಡಿಸ್ತೀನಿ ಅಂದೆ. ನಿನ್ನ ಮಗಳಿಗೆ ಮಾತು ಕಲಿಸಿದ್ದೇ ನಾನಲ್ಲವಾ ಅಂದೆ.

ಸುಳ್ಳೇನು ಅದು? ಎಂಟನೇ ಕ್ಲಾಸಿಗೆ ಬಂದಾಗ ಹೆಂಗಿದ್ದೆ ನೀನು? 'ಹಾಲು' ಅನ್ನು ಅಂದ್ರೆ 'ಆಲು' ಅಂತಿದ್ದೆ. 'ಹರಿಹರ' ಅನ್ನು ಅಂದ್ರೆ 'ಅರಿಅರ'. ಇಡೀ ಕ್ಲಾಸು ಬಿದ್ದು ಬಿದ್ದು ನಗ್ತಿತ್ತು. ನಾನೂ ನಕ್ಕಿದ್ದೆ ಅನ್ನು, ನಗು ಬರ್ತಿತ್ತಲ್ಲ ಮತ್ತೆ. ಆದ್ರೆ ಕೈ ಬಿಡಲಿಲ್ಲ. ಸ್ಕೂಲು ಬಿಟ್ಟಮೇಲೆ ನಿಲ್ಲಿಸ್ಕೊಂಡು, ಬಾಯಿ ಮುಂದೆ ಮೇಣದಬತ್ತಿ ಹಿಡಿದು, 'ಹ' ಅಂದ್ರೆ ದೀಪ ಅಲ್ಲಾಡಬೇಕು ಅಂತ ಕಲಿಸಿದ್ದು ಯಾರು? ನಿನ್ನನ್ನ ಸ್ಟೇಜು ಹತ್ತಿಸಿದ್ದು ಯಾರು? ಈ ನಾಗರತ್ನ ಮಿಸ್ಸೇ ಅಲ್ಲವಾ?

ಹೌದು ಅಂತ ತಲೆಯಾದ್ರೂ ಆಡಿಸು.

ಹೋಗ್ಲಿ ಬಿಡು. ನಾನು ಜಗಳಕ್ಕೆ ಬಂದಿಲ್ಲ. ಹರಿಹರದ ಮಾಲತೇಶಪ್ಪ ಸರ್ ಬೆಳಗ್ಗೆ ಫೋನ್ ಮಾಡಿದ್ರು. ಅದೇ, ಚರ್ಚಾ ಸ್ಪರ್ಧೆ ನಡೆಸಿದೋರು, ಬಿಳಿ ಜುಬ್ಬ ಹಾಕ್ಕೊಂಡು ಗಂಟೆ ಹೊಡೀತಾ ಕೂತಿದ್ರಲ್ಲ, ಅವರು. ಯಾರೋ ತಕರಾರು ಎತ್ತಿದಾರಂತೆ. ಎದುರಾಳಿ ಮನೆ ವಿಷಯ ಸ್ಟೇಜಿನ ಮೇಲೆ ಆಡಿದ್ದು ನಿಯಮಕ್ಕೆ ವಿರುದ್ಧ, ಪೂಜಾನ ಬಹುಮಾನ ವಾಪಸ್ ತಗೋಬೇಕು, ಅವಳನ್ನ ರಾಜ್ಯಮಟ್ಟಕ್ಕೆ ಕಳಿಸಬಾರದು ಅಂತ. ಸರ್ ಒಳ್ಳೆಯೋರು. ಆ ಹುಡುಗಿ ಪುಷ್ಪಲತಾನೇ ನನ್ನ ಹತ್ರ ಒಂದು ಮಾತು ಹೇಳಲಿ, ಅಲ್ಲಿಗೆ ಮುಗಿಸಿಬಿಡ್ತೀನಿ ಅಂದ್ರು.

ಯಾಕ ಹಂಗೆ ನೋಡ್ತೀಯ? ಪೂಜಾ ನನ್ನ ಮಗಳು ಅಂತಾನಾ? ಅದನ್ನೇನು ನಾನು ಮುಚ್ಚಿಟ್ಟಿದ್ನಾ? ಅವಳು ಎಸ್.ಎಸ್. ಬಡಾವಣೆ ಸ್ಕೂಲಿನ ಪರವಾಗಿ ಬಂದ್ಲು, ನೀನು ನಮ್ಮ ಸ್ಕೂಲಿನ ಪರವಾಗಿ ಬಂದೆ. ಅದರಲ್ಲೇನು ತಪ್ಪು? ಮನೇಲಿ ಅವಳನ್ನ ತಯಾರು ಮಾಡ್ದೆ, ಸ್ಕೂಲಲ್ಲಿ ನಿನ್ನನ್ನ. ಇಬ್ಬರಿಗೂ ಅಷ್ಟೇ ಮುತುವರ್ಜಿ ತೋರಿಸಿದೀನಿ. ನಿನಗೇ ಒಂದು ಕೈ ಜಾಸ್ತಿ ಅನ್ನು.

ಅದಕ್ಕೆ ಮನೇಲಿ ನಾನು ಏನೇನು ಅನ್ನಿಸ್ಕೊಂಡೆ ಅಂತ ನಿನಗೇನು ಗೊತ್ತು? ಚನ್ನಗಿರಿಲಿ ನೀನು ಫಸ್ಟು, ಅವಳು ಸೆಕೆಂಡು. ಜಗಳೂರಲ್ಲೂ ಅದೇ ಕಥೆ. ಕಾರಲ್ಲಿ ವಾಪಸ್ ಬರ್ತಾ ಪೂಜಾ ಕೇಳ್ತಾಳೆ, ಅಮ್ಮ, ನಾನು ಸೋತಾಗ ನೀನು ಚಪ್ಪಾಳೆ ಹೊಡೀತಿದ್ದೆ, ಯಾಕೆ ಅಂತ. ಏನು ಹೇಳ್ಲಿ ನಾನು? ಕೂಲಿಯೋರ ಹುಡುಗಿನ ಕೊಬ್ಬಿಸಿ ಸ್ವಂತ ಮಗಳನ್ನ ತುಳೀತಿದೀಯ ಅಂತ ಅವಳಪ್ಪ ಅಂದ್ರು. ಅವರು ಅಂದಿದ್ದು, ನಾನಲ್ಲ. ಮುಖ ಯಾಕ ಹಂಗೆ ಮಾಡ್ತೀಯ? ಕೂಲಿ ಅಂದ್ರೆ ಕೂಲಿ, ಅದರಲ್ಲಿ ಬೈಗುಳ ಏನೈತೆ?

ಹರಿಹರದಲ್ಲಿ ನೀನು ಚೆನ್ನಾಗಿ ಮಾತಾಡಿದೆ. ಇಲ್ಲ ಅನ್ನಲ್ಲ. ಮದ್ಯ ನಿಷೇಧ ಆಗಬೇಕು ಅಂತ ನೀನು, ಬ್ಯಾಡ ಅಂತ ಅವಳು. ನಿಮ್ಮಪ್ಪ ಕುಡಿದು ಆನಗೋಡಿನ ರಸ್ತೆ ಪಕ್ಕ ಸತ್ತು ಬಿದ್ದಿದ್ದು ಹೇಳಿದೆ. ಗುಂಪು ಕಂಡು ನೀನು ಯಾರೋ ಏನೋ ಅಂತ ಹತ್ರ ಹೋಗಿದ್ದು, ಮುಖಕ್ಕೆ ಟವೆಲ್ ಮುಚ್ಚಿದ್ರಂತೆ, ಚಪ್ಪಲಿ ನೋಡಿ ಅಪ್ಪ ಅಂತ ಗುರುತು ಹಿಡಿದಿದ್ದು... ಆ ಮಾತಿಗೆ ತೀರ್ಪುಗಾರರಲ್ಲಿ ಒಬ್ಬರು ಕನ್ನಡಕ ತೆಗೆದು ಕಣ್ಣು ಒರೆಸ್ಕೊಂಡ್ರು. ಚಪ್ಪಲಿ ಅಂದಮೇಲೆ ಒಂದು ಗಳಿಗೆ ಸುಮ್ನೆ ನಿಲ್ಲು, ಅವಸರ ಮಾಡಬ್ಯಾಡ ಅಂತ ನಾನು ಹೇಳಿಕೊಟ್ಟಿದ್ದೆ. ಹಂಗೇ ನಿಂತೆ. ನನಗೇ ಮೈ ಜುಂ ಅಂತು.

ಆಮೇಲೆ ಖಂಡನೆಗೆ ಪೂಜಾ ಎದ್ಲು.

ಅವಳು ಅಂದಿದ್ದೇನು? 'ಮಾನ್ಯ ತೀರ್ಪುಗಾರರೇ, ನನ್ನ ಎದುರಾಳಿ ತಂದೆಯ ಸಾವಿನ ಕಥೆ ಹೇಳಿ ನಿಮ್ಮನ್ನು ಅಳಿಸಿದರು. ಅದೇ ಊರಲ್ಲಿ ಅವರ ಅಜ್ಜಿ ಒಣಮೆಣಸಿನಕಾಯಿ ಚೀಲದೊಳಗೆ ಮದ್ಯದ ಪ್ಯಾಕೆಟ್ ಬಚ್ಚಿಟ್ಟು ಮಾರುತ್ತಾರೆ, ಆ ಸಂಪಾದನೆಯಲ್ಲೇ ಇವರು ಓದುತ್ತಿದ್ದಾರೆ ಎಂಬುದನ್ನು ಹೇಳಲಿಲ್ಲ. ನಿಷೇಧ ಮೊದಲು ಇವರ ಮನೆಯಿಂದ ಶುರುವಾಗಲಿ.' ಇಷ್ಟೇ. ಒಂದು ಕೆಟ್ಟ ಶಬ್ದ ಇಲ್ಲ, ಏಕವಚನ ಇಲ್ಲ. ಜನ ನಕ್ಕಿದ್ದು, ಹಿಂದೆ ಕೂತ ಹುಡುಗರು ಶಿಳ್ಳೆ ಹಾಕಿದ್ದು ಅವಳ ತಪ್ಪಾ?

ಆಮೇಲೆ ಉತ್ತರ ಕೊಡೋ ಸರದಿ ನಿನ್ನದು. ಮೈಕ್ ಮುಂದೆ ಬಂದೆ. ನಿಂತೆ. ನಿಂತೇ ಇದ್ದೆ... ಮಾಲತೇಶಪ್ಪ ಸರ್ ಗಂಟೆ ಹೊಡೆಯೋ ತನಕ ನಿಂತೇ ಇದ್ದೆಯಲ್ಲ ತಾಯಿ. ಹೌದು, ನಮ್ಮಜ್ಜಿ ಮಾರ್ತಾಳೆ, ಮಗನ್ನ ಕೊಂದ ಮಾಲನ್ನ ಮಾರಿಯೇ ಮೊಮ್ಮಗಳನ್ನ ಸಾಕೋ ಗತಿ ಬರ್ತದಲ್ಲ, ಅದಕ್ಕೇ ನಿಷೇಧ ಬೇಕು ಅಂದಿದ್ರೆ ಸಾಕಿತ್ತು. ಇಡೀ ಸಭೆ ಎದ್ದು ನಿಲ್ತಿತ್ತು. ನನಗೆ ಕೂತಲ್ಲೇ ಹೊಳೀತು. ನಿನಗೆ ಹೊಳೀಲಿಲ್ಲ. ಹೇಳಿಕೊಟ್ಟಿದ್ದನ್ನ ಒಪ್ಪಿಸೋದು ಬೇರೆ, ಸ್ವಂತ ಬುದ್ಧಿ ಬೇರೆ. ಅದು ಹುಟ್ಟಿನಿಂದ ಬರಬೇಕು.

ಅಳು, ಅಳು. ಅತ್ತರೆ ಹಗುರಾಗ್ತದೆ. ...ಅಳ್ತಾನೂ ಇಲ್ಲವಾ ನೀನು?

ಅಜ್ಜಿ ವಿಷಯಕ್ಕೆ ನನಗೂ ಬ್ಯಾಸರ ಐತೆ. ಆದ್ರೆ ಅದರಲ್ಲಿ ಪೂಜಾನ ಪಾತ್ರ ಏನೂ ಇಲ್ಲ. ಸಭೇಲಿ ಯಾರೋ ಮೊಬೈಲಲ್ಲಿ ಹಿಡಿದ್ರು, ಅದು ಊರೆಲ್ಲ ಹರಿದಾಡ್ತು, ಅಬಕಾರಿಯೋರ ಕಣ್ಣಿಗೂ ಬಿತ್ತು. ಅವರು ಆನಗೋಡಿಗೆ ಹೋದ್ರು, ನೆಟ್ಟಗೆ ಮೆಣಸಿನಕಾಯಿ ಚೀಲಕ್ಕೇ ಕೈ ಹಾಕಿದ್ರು. ನಿಮ್ಮಜ್ಜಿ ದುರುಗವ್ವ ಜೀಪು ಹತ್ತುವಾಗ, ನಮ್ಮ ಪುಷ್ಪೀಗೆ ಹೇಳಬ್ಯಾಡ್ರಿ, ಪರೀಕ್ಷೆ ಐತೆ ಅಂದ್ಲಂತೆ. ಓಣಿಯೋರೆಲ್ಲ ಆಡ್ಕೊಂಡು ನಕ್ಕರಂತೆ. ವಯಸ್ಸಾದ ಜೀವ. ಇರಲಿ. ಕಾನೂನು ಅಂದ್ರೆ ಕಾನೂನು.

ಏನು?... ಏನೋ ಅಂದಂಗಾಯ್ತು. ಇಲ್ಲವಾ?

ಪೂಜಾಗೆ ಹೆಂಗೆ ಗೊತ್ತಾಯ್ತು ಅಂತ ತಾನೇ ನಿನ್ನ ಕಣ್ಣು ಕೇಳ್ತಿರೋದು? ನನಗೇನು ಗೊತ್ತು? ಆನಗೋಡಿನ ಮಕ್ಕಳು ಅವಳ ಸ್ಕೂಲಲ್ಲೂ ಅದಾವೆ. ಬಸ್ಸಲ್ಲಿ ಬರ್ತಾವೆ, ಬಾಯಿಗೆ ಬಂದಿದ್ದು ಆಡ್ತಾವೆ. ನೀನೂ ಯಾರ್ಯಾರ ಹತ್ರ ಏನೇನು ಹೇಳ್ಕೊಂಡಿದ್ದೆಯೋ.

ನನ್ನ ಹತ್ರ? ನೀನು ನನ್ನ ಹತ್ರ ಏನು ಹೇಳಿದ್ದೆ? ನೋಡು ಪುಷ್ಪಲತಾ, ನನಗೆ ದಿನಕ್ಕೆ ನೂರು ಮಕ್ಕಳು ನೂರು ಹೇಳ್ತಾವೆ. ಅಪ್ಪ ಹೊಡೀತಾನೆ, ಅವ್ವ ಊಟ ಹಾಕಲ್ಲ... ಈ ಕಿವಿಲಿ ಕೇಳಿ ಆ ಕಿವಿಲಿ ಬಿಡ್ತೀನಿ. ನೀನೂ ಏನೋ ಹೇಳಿರಬಹುದು. ನನಗೆ ನೆನಪಿಲ್ಲ. ಸತ್ಯವಾಗಿ ನೆನಪಿಲ್ಲ. ಮಾಲತೇಶಪ್ಪ ಸರ್‌ಗೂ ಅದನ್ನೇ ಹೇಳಿದೀನಿ, ಸರ್, ಆ ಸಭೇಲಿ ಕೇಳೋ ತನಕ ಆ ಮುದುಕಿ ವಿಷಯ ನನಗೆ ಗೊತ್ತೇ ಇರಲಿಲ್ಲ, ನನಗೂ ಅವತ್ತು ಎದೆ ಒಡೀತು ಅಂತ.

ಹಂಗೆ ನೋಡಬ್ಯಾಡ. ಚಿಕ್ಕೋರು ದೊಡ್ಡೋರನ್ನ ಹಂಗೆ ನೋಡಬಾರದು.

ಈಗ ಕೇಳು. ನಾನು ಫೋನ್ ಹಚ್ತೀನಿ. ನೀನು ಇಷ್ಟು ಹೇಳು ಸಾಕು: ಪೂಜಾ ನನ್ನ ಗೆಳತಿ, ನಾನೇ ಅವಳಿಗೆ ಹೇಳಿದ್ದೆ, ಅವಳ ಮೇಲೆ ನನಗೆ ಸಿಟ್ಟಿಲ್ಲ ಸರ್. ಮುಗೀತು. ಉದ್ದುದ್ದ ಭಾಷಣ ಒಪ್ಪಿಸಿದೋಳಿಗೆ ಇದೇನು ಭಾರ? ನೀನು ಹೇಳಿದ ಮರುದಿನವೇ ನಮ್ಮನೆಯೋರು ಅವರ ಗುರುತಿನ ವಕೀಲರಿಗೆ ಹೇಳ್ತಾರೆ. ದುರುಗವ್ವಗೆ ಜಾಮೀನು ನಿಲ್ಲೋರು ನಿಮ್ಮ ಕಡೆ ಯಾರದಾರೆ? ಒಬ್ಬರೂ ಇಲ್ಲ. ನಿಮ್ಮವ್ವ ಭಟ್ಟಿ ಬಿಟ್ಟು ಕೋರ್ಟಿಗೆ ಅಲೀತಾಳಾ? ಅಲೆದ್ರೆ ಒಲೆ ಹೆಂಗೆ ಉರೀಬೇಕು? ಆ ಮುದುಕಿಗೆ ಕೆಮ್ಮು ಬೇರೆ. ಒಳಗೇ ಏನಾದ್ರೂ ಆದ್ರೆ, ಅದು ನಿನ್ನ ತಲೆ ಮೇಲೆ. ನಾನು ಹೆದರಿಸ್ತಾ ಇಲ್ಲ, ಇರೋದನ್ನ ಹೇಳ್ತಿದೀನಿ.

ಹೇಳಲಿಲ್ಲ ಅಂತಿಟ್ಕೊ. ಏನಾಗ್ತದೆ? ಪೂಜಾ ಒಂದು ಬಹುಮಾನ ಕಳ್ಕೋತಾಳೆ, ಮುಂದಿನ ವರ್ಷ ಇನ್ನೊಂದು ಗೆಲ್ತಾಳೆ. ನಿನ್ನ ಮುಂದಿನ ವರ್ಷ ಏನು? ಸ್ಕೂಲಲ್ಲಿ ನಿನ್ನ ಹೆಸರು ಹೇಳೋರು ಯಾರು? ಎಣ್ಣೆ ದುರುಗವ್ವನ ಮೊಮ್ಮಗಳು ಅಂತ ಈಗಲೇ ಬೋರ್ಡಿನ ಮೇಲೆ ಬರೆದಿದ್ರು. ನಾನೇ ಒರೆಸ್ದೆ. ನಾನಿಲ್ಲದಿದ್ರೆ ಒರೆಸೋಕೂ ಯಾರೂ ಇರಲ್ಲ ನಿನಗೆ.

ಹಚ್ತಾ ಇದೀನಿ. ಗಂಟಲು ಸರಿ ಮಾಡ್ಕೊ.

ಹಲೋ, ನಮಸ್ಕಾರ ಸರ್. ನಾಗರತ್ನ ಸರ್, ದಾವಣಗೆರೆ... ಹೌದು ಸರ್, ವಿನೋಬನಗರದಲ್ಲಿ ಅವಳ ಮನೇಲೇ ಇದೀನಿ. ಇಲ್ಲೇ ಕೂತಾಳೆ. ಆರಾಮಾಗಿದಾಳೆ ಸರ್, ನಗ್ತಾ ಇದಾಳೆ. ತಗೊಳ್ರಿ, ಅವಳ ಬಾಯಿಂದಲೇ ಕೇಳ್ರಿ.

ಹೇಳಮ್ಮ.

ಪುಷ್ಪಾ, ಸರ್ ಕೇಳ್ತಿದಾರೆ ನೋಡು, ನೀನೇ ಹೇಳಿದ್ದಾ ಅಂತ. ಹೂಂ ಅನ್ನು.

...ನಾಚಿಕೆ ಸರ್ ಇವಳಿಗೆ. ತಲೆ ಆಡಿಸಿದ್ಲು, ಹೌದಂತೆ... ಬಾಯಲ್ಲೇ ಹೇಳಬೇಕಾ? ಹೇಳ್ತಾಳೆ, ಹೇಳ್ತಾಳೆ. ಒಂದು ನಿಮಿಷ ಸರ್... ಹೇಳೇ. ಬಾಯಿ ಬಿಡು. ತುಟಿ ಕಚ್ಕೊಂಡು ಕೂತ್ರೆ ಹೆಂಗೆ?

ಇಲ್ಲ ಸರ್, ಒತ್ತಾಯ ಎಲ್ಲಿ ಮಾಡಿದೀನಿ? ನನ್ನ ಮಗಳಿದ್ದಂಗೆ ಇವಳು... ಏನು ಸರ್? ಎದುರಾಳಿ ಹತ್ರ ಇಂಥ ವಿಷಯ ಯಾಕ ಹೇಳ್ಕೊಂತಾಳೆ ಅಂತಾನಾ? ಅಯ್ಯೋ, ನಿಮಗೆ ಇವಳ ಸ್ವಭಾವ ಗೊತ್ತಿಲ್ಲ. ಸ್ವಲ್ಪ ಪ್ರೀತಿ ತೋರಿಸಿದ್ರೆ ಸಾಕು, ಹೊಟ್ಟೇಲಿ ಇರೋದೆಲ್ಲ ಹೊರಗೆ ಹಾಕಿಬಿಡ್ತಾಳೆ. ನನಗೂ ಹಂಗೇ ಹೇಳಿದ್ಲಲ್ಲ ಸರ್. ನಿನ್ನ ಸ್ವಂತ ಜೀವನದಿಂದ ಏನಾದ್ರೂ ಹೇಳು, ಭಾಷಣಕ್ಕೆ ಜೀವ ಬರ್ತದೆ ಅಂದೆ ಅಷ್ಟೇ. ಲೈಬ್ರರಿ ರೂಮಿನ ಬಾಗಿಲು ಹಾಕಿ ಬಂದು, ಅಪ್ಪಂದು ಹೇಳಿದ್ಲು, ಅಜ್ಜಿದೂ ಹೇಳಿದ್ಲು, ಚೀಲದ್ದೂ... ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡು, ಮಿಸ್, ಇದನ್ನ ಮಾತ್ರ ಯಾರಿಗೂ ಹೇಳಬ್ಯಾಡ್ರಿ, ಅವ್ವಗೂ ಗೊತ್ತಿಲ್ಲ ಅಂತ...

ಹಾಂ?

ಯಾವಾಗ ಅಂದ್ರೆ... ಸ್ಪರ್ಧೆಗೆ ಮುಂಚೆ ಸರ್. ಅಲ್ಲ, ಆಮೇಲೆ... ನಾನು ಬೆಳಗ್ಗೆ ಹಂಗೆ ಹೇಳಿದ್ನಾ, ಗೊತ್ತೇ ಇರಲಿಲ್ಲ ಅಂತ? ನೆನಪಿರಲಿಲ್ಲ ಅಂದೆ ಸರ್. ನೆನಪು ಇರಲಿಲ್ಲ. ನಾನ್ಯಾಕ ಪೂಜಾಗೆ ಹೇಳ್ಲಿ ಸರ್? ಹೆತ್ತ ಮಗಳು ಊಟ ಬಿಟ್ಟು ಕೂತ್ಲು ಅಂತ ಯಾರಾದ್ರೂ...

ಇಲ್ಲ ಸರ್. ಪೂಜಾಗೆ ನಾನು ಹೇಳಿದ್ನಾ ಅಂತ ನೀವು ಕೇಳಿಲ್ಲ. ಹೌದು, ನೀವು ಕೇಳಲಿಲ್ಲ.

ಸರ್?

ಪುಷ್ಪಾ, ನೀನು ಹೇಳೇ. ಸರ್ ಸುಮ್ನಾಗಿಬಿಟ್ರು. ಲೈನಲ್ಲೇ ಅದಾರೆ, ಉಸಿರು ಕೇಳಿಸ್ತದೆ ನೋಡು... ಏನಾದ್ರೂ ಹೇಳೇ.