ಮುಳ್ಳಿಲ್ಲದ ಗಾಳ

...ಅಲ್ಲ ಮೇಷ್ಟ್ರೇ, ನಾನ್ ಹೇಳೋದ್ ಕೇಳಿ, ಇಲ್ಲಿ ಬೇಡ. ನಿನ್ನೆ ಕೂತಿದ್ವಲ್ಲ, ತೂಬಿನ ಆಚೆ, ಆ ಜಾಗಾನೇ ಚೆನ್ನಾಗೈತೆ. ಗಾಳಿ ಐತೆ, ಕೂರಕ್ಕೆ ಒಣ ನೆಲ ಐತೆ. ಈ ಹೊಂಗೆ ಮರದ ಹತ್ರ ಏನೈತೆ, ಬರೀ ಕೆಸರು... ಯಾರು, ಹನುಮಕ್ಕ ಹೇಳಿದ್ಲಾ? ಆ ಟೀ ಅಂಗ್ಡಿ ಹೆಂಗಸಿಗೆ ಬಾಯಿ ಸುಮ್ನಿರಲ್ಲ. ಹೂಂ, ನಿಜ. ನಿಮ್ ಮಗ ಇಲ್ಲೇ ಕೂತ್ಕೊಳ್ತಿದ್ದ. ರಜಾ ಇದ್ ದಿನ ಇಲ್ಲೇ. ಅದಕ್ಕೇನ್ ಈಗ... ಅಯ್ಯೋ, ಕೂತೇ ಬಿಟ್ರಲ್ಲ! ಸರಿ, ಬುಡಿ. ಮೂವತ್ತೈದು ವರ್ಷ ಮಕ್ಕಳಿಗೆ ಹಠ ಮಾಡ್ಬೇಡಿ ಅಂತ ಪಾಠ ಹೇಳಿ, ಆ ಹಠಾನೆಲ್ಲ ಕೆಂಗೇರಿಗೆ ಹೊತ್ಕೊಂಡ್ ಬಂದಿದೀರಾ.

ಯಾಕ್ ನಗ್ತೀರಾ? ನಗಿ, ನಗಿ. ನಾಲ್ಕ್ ದಿನ ಆಯ್ತು ನಿಮ್ಮನ್ನ ನೋಡ್ತಾ, ತುಟಿ ಅಲ್ಲಾಡಿದ್ದು ಇವತ್ತೇ.

ತಗೊಳಿ, ಉಂಡೆ ಮಾಡಿ. ರಾಗಿ ಹಿಟ್ಟು, ಕಡ್ಲೆಕಾಯಿ ಹಿಂಡಿ, ಚೂರು ಬೆಲ್ಲ. ನಿನ್ನೆ ಮಾಡಿದ್ರಲ್ಲ, ಅಷ್ಟ್ ದೊಡ್ದು ಬೇಡ, ಅದು ಮೀನಿಗೋ ಇಲ್ಲ ಮದುವೆ ಪಂಕ್ತಿಗೋ? ಗೋಲಿಯಷ್ಟು ಸಾಕು. ಹಾಂ, ಹಂಗೆ. ಎರೆಹುಳ ಇದ್ರೆ ಬೇಗ ಕಚ್ತದೆ, ಆದ್ರೆ ನಿಮಗಾಗಲ್ಲ ಅಂತ ಗೊತ್ತು. ಕೊರಳಲ್ಲಿ ಲಿಂಗ ಇರೋರು. ನಿಮ್ ಮಗ ಶ್ರೀಶೈಲನೂ ಅಷ್ಟೇ. ಒಂದೇ ಒಂದ್ ದಿನ ಹುಳ ಚುಚ್ಚಿದೋನಲ್ಲ. ಗೂಳಪ್ಪಣ್ಣಾ, ಒಂದ್ ಜೀವ ಆಡ್ಸಾಕ ಇನ್ನೊಂದ್ ಜೀವ ಯಾಕ್ರೀ ಅಂತ ನನಗ್ ಹೇಳ್ತಿದ್ದ. ನಿಮ್ ಮುಧೋಳದ ಕಡೆ ಮಾತು, ನನಗೆ ಬರಲ್ಲ, ಆದ್ರೆ ಅವನ್ ಮಾತು ಕಿವೀಲೇ ಐತೆ.

ಈ ಗಾಳ ನೋಡಿ. ಬೆರಳಿಟ್ಟು ನೋಡಿ, ಏನಾಗಲ್ಲ. ಎಲ್ಲಾ ಗಾಳಕ್ಕೂ ತುದೀಲಿ ಹಿಂದಕ್ಕೊಂದು ಮುಳ್ಳಿರ್ತದೆ, ಕಚ್ಚಿದ್ ಮೀನು ಬಿಡಿಸ್ಕೋಬಾರ್ದು ಅಂತ. ಇದಕ್ಕಿಲ್ಲ. ನಿಮ್ ಮಗ ಫ್ಯಾಕ್ಟರಿಯಿಂದ ಅರ ತಂದು ಉಜ್ಜಿ ಉಜ್ಜಿ ಮುಳ್ಳು ತೆಗೆದಿದ್ದ. ಟೂಲ್ ರೂಮ್ ಕೆಲಸದೋನಲ್ವಾ, ಕೈ ನೀಟು. ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ವಿ. ಹಲ್ಲಿಲ್ಲದ್ ನಾಯಿ ಸಾಕ್ಕೊಂಡವ್ನೆ ಅಂತ. ಅವನೂ ನಗ್ತಿದ್ದ. ಹಿಡಿಯೋದು, ಒಂದ್ ಗಳಿಗೆ ನೋಡೋದು, ಬಿಟ್ಬಿಡೋದು. ಅಷ್ಟೇ ಅವನ ಬೇಟೆ.

ಎಲ್ಲಿ ಕಲಿತ ಅಂತೀರಾ? ಅವನ ಕಂಪ್ನಿಗೆ ಮಿಷನ್ ಜೋಡಿಸಕ್ಕೆ ಕೆನಡಾದೋನು ಒಬ್ಬ ಬಂದಿದ್ದನಂತೆ. ಈ ಕೋಲು, ಈ ರೀಲು ಅವನೇ ಕೊಟ್ಟಿದ್ದು. ಅವರೂರ ಹೊಳೇಲಿ ಒಂದ್ ಮೀನೈತಂತೆ, ಸ್ಟೀಲ್‌ಹೆಡ್ ಅಂತ. ಹೊಳೇಲಿ ಹುಟ್ಟಿ, ಸಮುದ್ರಕ್ಕೆ ಹೋಗಿ, ವರ್ಷಗಟ್ಟಲೆ ಅಲ್ಲೇ ಇದ್ದು, ಆಮೇಲೆ ಅದೇ ಹೊಳೆ ಹುಡುಕ್ಕೊಂಡು ವಾಪಸ್ ಬರ್ತದಂತೆ. ಹಿಡಿದೋರು ಅದನ್ನ ನೀರಲ್ಲೇ ಹಿಡ್ಕೊಂಡು, ಸುಧಾರಿಸಿ, ಬಿಟ್ಬಿಡ್ತಾರಂತೆ. ಅದನ್ನ ಹೇಳ್ವಾಗ ನಿಮ್ ಮಗನ ಮುಖ ನೋಡ್ಬೇಕಿತ್ತು. ಈ ಕೆರೇಲಿ ಜಿಲೇಬಿ ಮೀನು, ಗೆಂಡೆ ಬಿಟ್ರೆ ಏನೈತೆ, ಕಾಟ್ಲಾ ಸಿಕ್ಕಿದ್ರೆ ಪುಣ್ಯ. ಆದ್ರೂ ಪ್ರತೀ ಸಲ ಗಾಳ ಎಸೆಯೋವಾಗ ಅವನಿಗೆ ಆ ಹೊಳೇನೇ.

ಅಷ್ಟ್ ದೂರ ಹೋದ ಮೀನೂ ಮನೀಗ್ ಬರ್ತೈತ್ರೀ ಅಣ್ಣಾ, ಅಂತಿದ್ದ. ಯುಗಾದಿಗೆ ಒಂದು ವಾರ ಮುಂಚೆ ಅಂದಿದ್ದು.

...ಅಳ್ಬೇಡಿ ಮೇಷ್ಟ್ರೇ. ಇದನ್ನ ಹೇಳ್ಬಾರದಿತ್ತು. ನಿಮಗೆ ಹಿಂಗೆ ಅಂತ ಗೊತ್ತಿದ್ದೂ... ಒರೆಸ್ಕೊಳಿ. ಎಷ್ಟ್ ಸಲ ಅದೇ ಹೇಳ್ತೀರಾ? ಮೀನ್ ಹಿಡಿಯೋ ಚಟ ಬಿಡೋತನಕ ಮನೆ ಮೆಟ್ಟಿಲು ಹತ್ತಬೇಡ ಅಂದ್ರಿ, ಫೋನಲ್ಲಿ. ಯಾವ್ ಅಪ್ಪ ಅನ್ನಲ್ಲ? ನನ್ನಪ್ಪ ನನಗೆ ಅದಕ್ಕಿಂತ ಹೆಚ್ಚಂದಿದ್ದ. ಯುಗಾದಿಗೆ ಊರಿಗೆ ಬರ್ಲಿಲ್ಲ, ಮಾರನೇ ದಿನವೇ ಹಿಂಗಾಯ್ತು. ಅವೆರಡನ್ನೂ ಒಂದೇ ದಾರದಲ್ಲಿ ಪೋಣಿಸ್ತಾ ಇದೀರಾ.

ಮೊದಲ್ನೇ ದಿನ ಹನುಮಕ್ಕನ ಅಂಗಡೀಲಿ ನನ್ ಕೈ ಹಿಡ್ಕೊಂಡ್ರಲ್ಲ. ಬೇಕಂತನ ನೀರಿಗ್ ಬಿದ್ನೇನ್ರೀ ನನ್ ಮಗ, ಅಂತ. ಅವತ್ತು ಗೊತ್ತಿಲ್ಲ ಅಂದೆ. ಇವತ್ತೂ ಅದೇ. ನಾನ್ ಅವತ್ತು ಕೆರೆ ಕಡೆ ಬಂದೇ ಇಲ್ಲ. ವರ್ಷತೊಡಕು ನೋಡಿ. ನಮ್ ಕಡೆ ಯುಗಾದಿ ಮಾರನೇ ದಿನ ಬಾಡೂಟ, ಮಗಳು ಅಳಿಯ ಬಂದಿದ್ರು, ಮನೇಲೇ ಇದ್ದೆ. ಒಂಬತ್ತು ಗಂಟೇಲಿ ಹನುಮಕ್ಕ ಕೂಗಿದ್ಲು, ಏರಿ ಮೇಲೆ ಚಪ್ಪಲಿ ಐತೆ, ಕೋಲೈತೆ, ಹುಡುಗ ಇಲ್ಲ ಅಂತ. ಆಮೇಲ್ ಬಂದೆ. ಅವನ್ ದೇಹ ಸಿಕ್ಕಿದ್ದು ಮಾರನೇ ದಿನ, ತೂಬಿನ್ ಹತ್ರ. ಎಲ್ಲಿ ಇಳಿದ್ನೋ, ಎಲ್ಲಿ ಜಾರಿದ್ನೋ, ಯಾರ್ ಕಂಡೋರು? ಘಟಪ್ರಭೆ ಈಜಿದ ಹುಡುಗ ಅಂತೀರಾ. ಇರಬೋದು. ಈಜು ಬರೋರ್ನೂ ನೀರು ಎಳ್ಕೊಳ್ತದೆ. ಕೆರೆ ಅಂದ್ಮೇಲೆ ಒಂದ್ ಕಡೆ ಆಳ, ಒಂದ್ ಕಡೆ ಮೇಲೆ. ಎಲ್ಲಿ ಗುಂಡಿ ಐತೆ ಅಂತ ಯಾರಿಗ್ ಗೊತ್ತಿರ್ತದೆ? ಗೊತ್ತಿದ್ರೆ ಹೇಳ್ತಿರ್ಲಿಲ್ವಾ?

ಹೋಗ್ಲಿ ಬುಡಿ. ಎಸೀರಿ ಈಗ. ಕೋಲು ಹಿಂದಕ್ ತಗೊಳಿ, ಬೆರಳಲ್ಲಿ ಈ ತಂಗೂಸಿ ದಾರ ಒತ್ತಿ ಹಿಡೀರಿ. ಕೋಲು ಮುಂದಕ್ ಬಂದಾಗ ಬೆರಳ್ ಬಿಡಿ. ಮುಂಚೆ ಅಲ್ಲ... ಹೋಯ್ತು, ಹೊಂಗೆ ಮರಕ್ಕೆ! ಮರದಲ್ಲಿ ಮೀನಿಲ್ಲ ಮೇಷ್ಟ್ರೇ. ಇರಿ, ಬಿಡಿಸ್ತೀನಿ. ಅವನೂ ಮೊದಲ ತಿಂಗಳು ಬರೀ ಮರಾನೇ ಹಿಡಿದಿದ್ದು.

ಮತ್ತೆ. ನಿಧಾನ. ...ಭೇಷ್! ನೋಡಿ, ನವಿಲುಗರಿ ದಂಟು ನೆಟ್ಟಗೆ ನಿಂತ್ಕೊಳ್ತು. ಇನ್ ಅದನ್ನೇ ನೋಡ್ತಾ ಇರಿ, ಮೀನ್ ಕಚ್ಚಿದ್ರೆ ಮುಳುಗ್ತದೆ. ತಾಳಿದವನು ಬಾಳಿಯಾನು. ನನಗೆ ಆ ಗುಣ ಒಂದ್ ಬರ್ಲಿಲ್ಲ. ನಮ್ ವಂಶಕ್ಕೇ ಮುಂಗೋಪ. ನನ್ ಹೆಂಡ್ತಿ ಲಿಂಗಮ್ಮ ಅಂತಾಳೆ, ನಿಮಗೆ ಸಿಟ್ಟು ಬಂದಾಗ ಕಣ್ಣು ಕಿವಿ ಎರಡೂ ಮುಚ್ಚೋಗ್ತವೆ ಅಂತ.

ಆ ಬಿಲ್ಡಿಂಗ್ ಕಾಣ್ತದಾ, ನೀಲಿ ಟ್ಯಾಂಕಿಂದು? ಅಲ್ಲಿ ನಮ್ ಇಟ್ಟಿಗೆ ಗೂಡಿತ್ತು. ಉಪನಗರದ ಎಷ್ಟೋ ಮನೆಗೆ ನನ್ ಇಟ್ಟಿಗೆ ಹೋಗೈತೆ. ಮೂರು ವರ್ಷದ ಹಿಂದೆ ಈ ಕೆರೆ ಪೂರ್ತಿ ಒಣಗಿತ್ತು, ಹುಡುಗರು ಇಲ್ಲೇ ಕ್ರಿಕೆಟ್ ಆಡ್ತಿದ್ರು. ಹೋದ್ ವರ್ಷದ ಮಳೆಗೆ ನೋಡಿ, ಕೋಡಿ ಬಿತ್ತು. ಯಾರ್ ನಂಬ್ತಾರೆ... ಮೇಷ್ಟ್ರೇ, ದಂಟು! ದಂಟ್ ನೋಡಿ! ಮುಳುಗ್ತು!

ಎತ್ತಿ ಕೋಲು! ಜೋರಾಗ್ ಬೇಡ, ಮುಳ್ಳಿಲ್ಲ, ಬಿಡಿಸ್ಕೊಳ್ತದೆ. ತಂಗೂಸಿ ಬಿಗಿಯಾಗೇ ಇರ್ಲಿ. ಎಳೀತಾ ಐತಾ? ಎಳೀಲಿ, ಬಿಡಿ ಸ್ವಲ್ಪ. ಈಗ ಸುತ್ತಿ. ಹಂಗೆ... ಕೋಲು ಬಾಗ್ತಾ ಐತೆ, ಬಾಗ್ಲಿ. ಎಲ್ಲಾರ್ ಕೈಲೂ ಬಾಗ್ತದೆ. ಅವನ್ ಕೈಲೂ. ಬಂತು, ಬಂತು... ಅಬ್ಬಾ, ಗೆಂಡೆ! ಎರಡ್ ಕೇಜಿ ಮೇಲೈತೆ. ನೋಡಿ ಮೇಷ್ಟ್ರೇ, ಬಂಗಾರದ ಬಣ್ಣ.

ಇದೇ ನೀವು ಕೇಳಿದ್ದು. ನನ್ ಮಗ ಇದ್ರಾಗ ಏನ್ ಕಂಡ ಅಂತ. ಇದೇ ಕಂಡಿದ್ದು.

ಗಾಳ ನಾನ್ ತೆಗೀತೀನಿ... ನೋಡಿ, ಬೆರಳ್ ತಾಕಿದ್ರೆ ಕಳಚ್ಕೊಳ್ತು. ಕೊಡಿ, ನಾನೇ ನೀರಿಗ್ ಬಿಡ್ತೀನಿ, ನೀವ್ ಮುಟ್ಟಲ್ಲ ಅಂತ... ನೀವೇನಾ? ನಿಜವಾಗ್ಲೂನಾ? ಸರಿ. ಕೈ ಒದ್ದೆ ಮಾಡ್ಕೊಳಿ ಮೊದಲು. ಒಂದ್ ಕೈ ಬಾಲದ್ ಹತ್ರ, ಒಂದ್ ಕೈ ಹೊಟ್ಟೆ ಕೆಳಗೆ. ಹೆರಿಗೆಯಾದ್ ಮನೇಲಿ ಕೂಸು ಎತ್ಕೊಂಡಂಗ್ ಎತ್ಕೊಂಡ್ರಿ. ಥೇಟ್ ಅವನಂಗೇ. ದಡದಲ್ಲಿ ಬಿಡಬಾರ್ದು, ಕೆಸರು ಕಿವಿರಿಗೆ ಹೋಗ್ತದೆ. ಮಂಡಿಯುದ್ದ ನೀರಿಗ್ ಇಳೀರಿ. ಬಾಯಿ ಮುಂದಕ್ ಮಾಡಿ ನೀರಲ್ಲೇ ಹಿಡ್ಕೊಂಡಿರಿ. ಅದಾಗದೇ ಬಾಲ ಬಡಿಯೋತನಕ ಕೈ ಬಿಡಬಾರ್ದು. ಪಂಚೆ ಎತ್ತಿ ಕಟ್ಕೊಳಿ. ಹೋಗಿ, ನಾನ್ ಈ ತಂಗೂಸಿ ಸುತ್ತಿಡ್ತೀನಿ.

ಇನ್ನೂ ಅಲ್ಲಾಡ್ತಿಲ್ವಾ? ಸುಸ್ತಾಗೈತೆ, ಕಾಯ್ರಿ. ತಿಳಿ ನೀರು ಬೇಕಾ? ಸ್ವಲ್ಪ ಮುಂದಕ್... ಮೇಷ್ಟ್ರೇ? ಎಡಕ್ಕೆ ಬೇಡ. ಎಡಕ್ ಹೋಗ್ಬೇಡಿ! ನಿಲ್ಲಿ! ನಿಲ್ಲಿ ಅಂದೆ, ಅಲ್ಲಿ ಗುಂಡಿ ಐತೆ, ಎರಡಾಳುದ್ದ, ಇನ್ನೊಂದ್ ಹೆಜ್ಜೆ ಇಟ್ರೆ...

ಹಾಂ. ಅಲ್ಲೇ ನಿಲ್ಲಿ.

ನಾನೂ ನೀರಿಗ್ ಇಳಿದ್ ಬಂದೆ. ಬನ್ನಿ, ಹಿಂದಕ್ ಬನ್ನಿ.

...ಯಾಕ್ ಹಂಗ್ ನೋಡ್ತೀರಾ?

ಅಲ್ಲ, ಕೆರೆ ಅಂದ್ಮೇಲೆ ಗುಂಡಿ ಇರಲ್ವಾ. ಸುಮ್ನೆ ಅಂದಾಜಿಗೆ ಹೇಳ್ದೆ. ಅಂದಾಜು, ಅಷ್ಟೇ. ಹುಟ್ಟಿ ಬೆಳೆದ್ ಊರು. ಜನ ಅಂತಾರೆ, ಅಲ್ಲೆಲ್ಲೋ ಮಣ್ ತೆಗೆದಿದ್ರು ಅಂತ... ಹೂಂ, ಈಗತಾನೇ ಯಾರಿಗ್ ಗೊತ್ತು ಅಂದಿದ್ದೆ. ಅಂದಿದ್ದೆ, ನಿಜ.

ಬೈದಾದ್ರೂ ಬೈಯ್ರಿ. ಹಂಗ್ ನಿಂತ್ಕೋಬೇಡಿ ಮೀನ್ ಹಿಡ್ಕೊಂಡು. ಅವನೂ ಹಂಗೇ ನಿಂತಿದ್ದ.

...

ಆ ಮಣ್ಣು ತೆಗೆಸಿದ್ದು ನಾನು. ಕೆರೆ ಒಣಗಿದ್ ವರ್ಷ. ಕೆರೆ ಮಣ್ಣಲ್ಲಿ ಇಟ್ಟಿಗೆ ಚೆನ್ನಾಗ್ ಕೂರ್ತದೆ. ತಿಂಗಳುಗಟ್ಟಲೆ ಟ್ರಾಕ್ಟರಲ್ಲಿ ಹೊಡೆಸ್ದೆ. ಗುಂಡಿ ಮುಚ್ಚಬೇಕು ಅಂತ ಯಾರ್ ಅನ್ಕೊಂಡ್ರು, ಮತ್ತೆ ನೀರ್ ಬರ್ತದೆ ಅಂತ್ಲೇ ಅನ್ಕೊಂಡಿರ್ಲಿಲ್ಲ. ಆಮೇಲ್ ಹೂಳು ಬಂದ್ ತುಂಬ್ಕೊಳ್ತು, ಮೇಲೆ ನೀರು. ನೋಡಿದ್ರೆ ಸಮ. ಕಾಲಿಟ್ರೆ ಸೊಂಟದ ತನಕ ಹೂಳಲ್ಲಿ ಸಿಕ್ಕೊಳ್ತದೆ. ಅದರಲ್ಲಿ ಎಂಥಾ ಈಜುಗಾರನೂ ಕಾಲ್ ಕೀಳಕ್ಕಾಗಲ್ಲ.

ನಾನ್ ಇಲ್ಲೇ ಇದ್ದೆ ಅವತ್ತು. ಬೆಳಿಗ್ಗೆ ಆರೂವರೆಗೇ ಬಂದಿದ್ದೆ. ಅವನಿಗೆ ಕಾಟ್ಲಾ ಬಿತ್ತು, ಆರೇಳು ಕೇಜಿದು. ಈ ಕೆರೇಲಿ ಅಂಥಾದ್ದು ನಾನ್ ಕಂಡಿರ್ಲಿಲ್ಲ. ಕೊಡೋ ಮಗಾ ಅಂದೆ, ಅಳಿಯ ಬಂದವ್ನೆ, ಮನೇಲಿ ಎಲ್ಲಾರೂ ಅವ್ರೆ, ನೀನಂತೂ ತಿನ್ನಲ್ಲ ಅಂದೆ. ಕೊಡ್ಲಿಲ್ಲ. ಬ್ಯಾಡ್ರೀ ಅಣ್ಣಾ, ಹಬ್ಬ ಐತಿ, ಬದುಕ್ಲಿ ಅಂದ. ನಗ್ತಾನೇ ಅಂದ. ನಾನ್ ಕಿತ್ಕೊಳಕ್ಕೆ ಕೈ ಚಾಚ್ದೆ. ಅವನು ಮೀನ್ ಅಪ್ಕೊಂಡು ನೀರಿಗಿಳಿದ. ನನಗೆ ಸಿಗಬಾರ್ದು ಅಂತ ಇನ್ನೂ ಒಳಕ್ಕೆ ಹೋದ. ಎಡಕ್ಕೆ.

ನನಗ್ ಗೊತ್ತಿತ್ತು ಮೇಷ್ಟ್ರೇ. ಬಾಯಿ ತನಕ ಬಂದಿತ್ತು ಮಾತು. ನಿಲ್ಲೋ ಅಂತ ಒಂದೇ ಮಾತು. ಸಿಟ್ಟು ಬಿಡ್ಲಿಲ್ಲ. ಬೀಳ್ಲಿ ಒಂದ್ಸಲ, ಮೀನೂ ಹೋಗಿ ಮೈಯೆಲ್ಲಾ ಕೆಸರಾಗ್ಲಿ, ಬುದ್ಧಿ ಬರ್ತದೆ ಅನ್ಕೊಂಡೆ. ಈಜು ಬರ್ತದಲ್ಲ ಅನ್ಕೊಂಡೆ. ಸಾಯ್ಲಿ ಅನ್ಕೊಂಡಿಲ್ಲ, ನನ್ ಮಕ್ಕಳಾಣೆ ಅನ್ಕೊಂಡಿಲ್ಲ. ಆ ಮರದ ಬುಡದ ಕಲ್ಲಿನ ಮೇಲೆ ಬೆನ್ ತಿರುಗಿಸಿ ಕೂತ್ಕೊಂಡು ಬೀಡಿ ಹಚ್ದೆ. ಹಿಂದೆ ನೀರ್ ಸದ್ದಾಯ್ತು. ತಿರುಗ್ಲಿಲ್ಲ. ಗೂಳಪ್ಪಣ್ಣಾ ಅಂತ ಒಂದ್ಸಲ ಕೂಗಿದಂಗಾಯ್ತು. ಆಡ್ತಾ ಅವ್ನೆ ಅನ್ಕೊಂಡು ತಿರುಗ್ಲಿಲ್ಲ.

ಬೀಡಿ ಮುಗಿಸಿ ತಿರುಗಿದ್ರೆ ಯಾರೂ ಇಲ್ಲ.

ಇಳಿದೆ. ಎದೆ ಮಟ್ಟ ಇಳಿದೆ, ಕಾಲ್ ಜಾರ್ತು, ಜೀವಭಯ ಆಯ್ತು, ವಾಪಸ್ ಬಂದ್ಬಿಟ್ಟೆ. ಕೂಗಿ ಜನ ಸೇರಿಸಬೋದಿತ್ತು. ಸೇರಿಸ್ಲಿಲ್ಲ. ಮನೆಗ್ ಹೋಗಿ ಬಟ್ಟೆ ಬದಲಾಯಿಸ್ದೆ. ಮಧ್ಯಾಹ್ನ ಊಟಕ್ ಕೂರಿಸಿದ್ರು, ಕೋಳಿ ಮಾಡಿದ್ರು. ತಿಂದೆ ಮೇಷ್ಟ್ರೇ. ಲಿಂಗಮ್ಮ ಇನ್ನೂ ಸ್ವಲ್ಪ ಅಂದ್ಲು, ಹಾಕಿಸ್ಕೊಂಡೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅಂತಾರೆ. ನನಗೆ ಅದೂ ಬರ್ಲಿಲ್ಲ. ಮೂರ್ ತಿಂಗಳಾದ್ಮೇಲೆ ನೀವ್ ಬಂದು ಕೈ ಹಿಡಿದು ಕೇಳಿದಾಗ್ಲೂ ಗೊತ್ತಿಲ್ಲ ಅಂದೆ. ನಿಮ್ ಮಾತಿಗೇ ಮಗ ಸತ್ತ ಅಂತ ನೀವ್ ಸುಟ್ಕೊಳ್ತಿದ್ದದ್ದು ನೋಡ್ತಾ ನೋಡ್ತಾ, ಉಂಡೆ ಕಟ್ಟೋದ್ ಹೇಳ್ಕೊಟ್ಟೆ.

ನಿಮ್ ಮಾತಿಗಲ್ಲ ಮೇಷ್ಟ್ರೇ. ನಿಮ್ ಮಾತಿಗೆ ಸತ್ತಿಲ್ಲ ನಿಮ್ ಮಗ. ಆ ಮೀನ್ ಬದುಕ್ಲಿ ಅಂತ ಹೋದ. ನಾನ್ ಸುಮ್ನಿದ್ದೆ, ಅದಕ್ ಸತ್ತ.

...ಏನಿದು? ನನ್ ಕೈಗೆ ಯಾಕ್ ಕೊಡ್ತೀರಾ? ಬೇಡ. ನೀವೇ ಬಿಡಿ, ನೀವ್ ಹಿಡಿದಿದ್ದು. ನನಗ್ ಬೇಡ ಮೇಷ್ಟ್ರೇ... ಹಿಡ್ಕೊಂಡೆ. ಆಯ್ತು, ಹಿಡ್ಕೊಂಡೆ. ಎಲ್ಲಿಗ್ ಹೊರಟ್ರಿ? ಇದಿನ್ನೂ ಸರಿಯಾಗ್ ಉಸಿರಾಡ್ತಿಲ್ಲ, ನಾನೊಬ್ನೇ ಹೆಂಗೆ...

ಅಲ್ಲಿ ಕೂತ್ರಾ. ಆ ಕಲ್ಲಿನ ಮೇಲೇನಾ. ಈ ಕಡೆ ಬೆನ್ನು ಮಾಡ್ಕೊಂಡು.

ಮೇಷ್ಟ್ರೇ.

ಕಿವಿರು ಆಡ್ತಾ ಐತೆ. ಸ್ವಲ್ಪ ಸ್ವಲ್ಪ ಆಡ್ತಾ ಐತೆ. ನೀರು ತಣ್ಣಗೈತೆ, ಕೈ ಜೋಮ್ ಹಿಡೀತು, ಬಿಡಲ್ಲ ನಾನು. ಅದಾಗದೇ ಹೋಗೋತನಕ ಬಿಡಬಾರ್ದು ಅಂತಿದ್ದ... ಬಾಲ ಬಡೀತು. ಬಡೀತು ಮೇಷ್ಟ್ರೇ! ಹೋಯ್ತು, ನೋಡಿ, ಬದುಕ್ತು.

ಮೇಷ್ಟ್ರೇ, ನಾನ್ ಇನ್ನೂ ನೀರಲ್ಲೇ ಇದೀನಿ. ಒಂದ್ಸಲ ಈ ಕಡೆ ತಿರುಗಿ.