ಒಂದೇ ಅಳತೆಯ ಚೀಟಿ

ಮೋಸಾನಾ? ಯಾರು ಹೇಳಿದ್ದು ಮೋಸ ಅಂತ? ಅಲ್ಲ, ಬೆನ್ನು ತಿರುಗಿಸಿಕೊಂಡು ಚಾದರ ಜಾಲಿಸ್ತಾ ‘ಅದೆಲ್ಲಾ ಮೊದಲೇ ಗೊತ್ತು ಮಾಡಿಕೊಂಡಿರ್ತಾರೆ’ ಅಂದುಬಿಟ್ರೆ ಆಗೋಯ್ತಾ? ಒಂದೂವರೆ ತಿಂಗಳು ಆ ಅಂಗಡಿ ಮಹಡಿ ಮೇಲೆ ಕೂತು ಚೀಟಿ ಬರೆದವನು ನಾನು ಕಣೇ! ಕತ್ತು ಹಿಡ್ಕೊಂಡುಬಿಟ್ಟಿದೆ. ತಡಿ, ಈ ಮೆಟ್ಟಿಲ ಮೇಲೆ ಒಂಚೂರು ಕೂರ್ತೀನಿ. ಉಸ್ಸಪ್ಪಾ...

ಬಟ್ಟೆ ಒಗೆಯೋ ಮಿಷನ್ನು ಯಾರಿಗೆ ಬಂತು ಅಂತ ತಾನೇ ಕೇಳಿದ್ದು? ಹೇಳ್ತೀನಿ. ಮೊದಲಿಂದ ಹೇಳ್ತೀನಿ, ಮಧ್ಯೆ ಬಾಯಿ ಹಾಕಬೇಡ. ...ಸರಿ, ಹಾಕಿಲ್ಲ. ಹಾಕೋ ಹಾಗೆ ಕಂಡೆ.

ಅಂಗಡಿಯೋರ ಲಕ್ಕಿ ಡ್ರಾಗೆ ಸೇರಕ್ಕೆ ಮೂರು ದಾರಿ ಇತ್ತು. ಅಂಗಡೀಲಿ ಸಾಮಾನು ತಗೊಂಡೋರಿಗೆ ಕೂಪನ್ನು. ಫ್ರಿಜ್ಜು ತಗೊಂಡ್ರೆ ಹತ್ತು, ಇಸ್ತ್ರಿಪೆಟ್ಟಿಗೆ ತಗೊಂಡ್ರೆ ಒಂದು. ಇಲ್ಲಾಂದ್ರೆ ಫೋನಲ್ಲಿ ಮೆಸೇಜು ಕಳಿಸಬೇಕು. ಅದೂ ಇಲ್ಲ, ಏನೂ ತಗೊಳ್ಳೋ ಶಕ್ತಿ ಇಲ್ಲ ಅನ್ನೋರು ಅಂಚೆ ಕಾರ್ಡು ಹಾಕಬಹುದು. ದಿನಕ್ಕೆ ಒಂದೇ. ಅದರಲ್ಲಿ ‘ನನಗೆ ಈ ಮಿಷನ್ ಯಾಕೆ ಬೇಕು’ ಅಂತ ಒಂದು ಸಾಲು ಬರೀಬೇಕು.

ಯಾಕೆ ನಗ್ತೀಯ? ಫ್ರಿಜ್ಜಿನೋನಿಗೆ ಒಂದೇ ಏಟಿಗೆ ಹತ್ತು, ಕಾರ್ಡಿನೋರು ಹತ್ತು ದಿನ ಅಂಚೆ ಡಬ್ಬಿ ತನಕ ಕಾಲೆಳೀಬೇಕು, ಇದ್ಯಾವ ಸೀಮೆ ನ್ಯಾಯ ಅಂತಾನಾ? ನಾನೂ ಅದನ್ನೇ ಕೇಳಿದೆ. ‘ಪೆಟ್ಟಿಗೆ ಒಳಗೆ ಬಿದ್ದ ಮೇಲೆ ಎಲ್ಲಾ ಒಂದೇ ಅಲ್ವಾ ಸಾರ್’ ಅಂದ ಮ್ಯಾನೇಜರು. ಎಲ್ಲಿ ಒಂದೇ? ಕಾರ್ಡು ದಪ್ಪ, ಕೂಪನ್ನು ತೆಳ್ಳಗೆ, ಫೋನಿನೋರದ್ದು ಕಾಗದಾನೇ ಇಲ್ಲ! ಕೈ ಹಾಕಿದೋನಿಗೆ ಯಾವುದು ಯಾವುದು ಅಂತ ಗೊತ್ತಾಗೇ ಆಗುತ್ತೆ. ನಾನು ಹಠ ಹಿಡಿದೆ. ಎಲ್ಲಾನೂ ಹೊಸದಾಗಿ ಚೀಟೀಲಿ ಬರೀಬೇಕು. ಒಂದೇ ಕಾಗದ, ಒಂದೇ ಅಳತೆ, ಒಂದೇ ಶಾಯಿ, ಎರಡೇ ಮಡಿಕೆ. ಆರು ಸಾವಿರದ ಮೇಲಾಯ್ತು. ಅಲ್ಲಿನ ಹುಡುಗೀರು ನನಗೆ ‘ರೂಲ್ಸ್ ತಾತ’ ಅಂತ ಹೆಸರಿಟ್ರು. ಇಟ್ಕೊಳ್ಳಲಿ ಬಿಡು. ಮೂವತ್ತೊಂದು ವರ್ಷ ಸ್ಕೂಲಿನ ಆಫೀಸಲ್ಲಿ ಗುಮಾಸ್ತಿಕೆ ಮಾಡಿದೋನು, ಒಂದು ಮಗುವಿನ ಮಾರ್ಕ್ಸ್ ಕಾರ್ಡಲ್ಲಿ ಒಂದು ಅಂಕಿ ಆಚೀಚೆ ಮಾಡಿದೋನಲ್ಲ.

ಹೂಂ... ಒಂದು ಆಯ್ತು. ಮುಚ್ಚಿಡಲ್ಲ, ಹೇಳ್ತೀನಿ. ‘ಇಲ್ಲಿ ಕೆಲಸ ಮಾಡೋರ ಮನೆಯವರು ಸೇರೋ ಹಾಗಿಲ್ಲ’ ಅಂತ ರೂಲ್ಸಿದೆ, ಮೊದಲ ದಿನವೇ ಬಂದು ನಿನಗೆ ಹೇಳಿದ್ನಲ್ಲ. ನೋಡಿದ್ರೆ ಮ್ಯಾನೇಜರ ಷಡ್ಡಕನ ಹೆಸರಲ್ಲಿ ನಲವತ್ತು ಕೂಪನ್ನು! ಹೋಗಿ ಕೇಳಿದೆ. ‘ಷಡ್ಡಕ ಹೇಗೆ ಮನೆಯವನಾಗ್ತಾನೆ ಸಾರ್? ನಾದಿನಿ ಗಂಡ. ವಾರಕ್ಕೆರಡು ಸಲ ಬಂದು ಊಟ ಮಾಡ್ಕೊಂಡು ಹೋಗ್ತಾನೆ, ಅಷ್ಟೆ’ ಅಂದ. ಬಾಯಿ ಮುಚ್ಕೊಂಡು ಬಂದೆ. ನಲವತ್ತೂ ಬರೆದೆ. ಈ ವಯಸ್ಸಲ್ಲಿ ಕರೆದು ಕೆಲಸ ಕೊಟ್ಟಿದ್ದಾನೆ, ಅವನ ಹತ್ರ ಜಗಳ ಆಡ್ಲಾ?

ಆದ್ರೆ ಕೇಳು, ಬಂದಿದ್ದು ಷಡ್ಡಕನಿಗಲ್ಲ! ಫ್ರಿಜ್ಜಿನೋರಿಗೂ ಅಲ್ಲ. ಇವತ್ತು ಮಧ್ಯಾಹ್ನ ಎಲ್ಲರ ಎದುರಿಗೆ ಎತ್ತಿದ್ರು. ಕಾರ್ಡಿನೋನಿಗೇ ಬಂತು ಕಣೇ! ಒಂದೇ ಒಂದು ಕಾರ್ಡು ಹಾಕಿದ್ದ ಪುಣ್ಯಾತ್ಮ. ಲಾರಿ ಡ್ರೈವರ್ರು. ಮದುವೆ ಇಲ್ಲ, ಮಕ್ಕಳಿಲ್ಲ, ಬಾಡಿಗೆ ರೂಮು, ಮೂರು ಜೊತೆ ಬಟ್ಟೆ. ಯಾಕೆ ಬೇಕು ಅಂತ ಕೇಳಿದ್ದಕ್ಕೆ ಏನು ಬರೆದಿದ್ದ ಗೊತ್ತಾ? ‘ಸುಮ್ನೆ, ಇರಲಿ ಅಂತ.’ ಹಹ್ಹ... ಸುಮ್ನೆ ಇರಲಿ ಅಂತೆ! ...ನಗು ಬರಲ್ವಾ? ಆಗಲೇ ಅಷ್ಟು ನಗ್ತಿದ್ದೆ.

ನೋಡಿದ್ಯಾ ಮತ್ತೆ? ಮೋಸ ಗೀಸ ಏನಿಲ್ಲ. ಒಂದು ಕಾರ್ಡು ಹಾಕಿದೋನಿಗೇ ಬಂತು. ಹಾಗಂತ ಇಪ್ಪತ್ತೆಂಟು ಹಾಕಿದೋರಿಗೆ ಬಂದೇ ಬರಬೇಕು ಅಂತ ಏನಾದ್ರೂ...

ನಲ್ಲಿ ನಿಲ್ಲಿಸೇ. ಬಕೆಟ್ಟು ತುಂಬಿ ಹರೀತಿದೆ.

ಯಾಕೆ ಹಾಗೆ ನೋಡ್ತೀಯ? ಇಪ್ಪತ್ತೆಂಟು ಅಂತ ಸುಮ್ನೆ ಬಾಯಿಗೆ ಬಂತು, ಅಂದೆ. ಮೂವತ್ತು ಅನ್ನಬಹುದಿತ್ತು. ಇಪ್ಪತ್ತು ಅನ್ನಬಹುದಿತ್ತು. ಯಾರೋ ಹಾಕಿರ್ತಾರೆ, ಊರಲ್ಲಿ ಜನ ಇಲ್ವಾ? ...ಹಾಗೆ ನೋಡಬೇಡ ಮಾರಾಯ್ತಿ. ಏನಾದ್ರೂ ಹೇಳೋದಿದ್ರೆ ಹೇಳು.

ಸರಿ. ನಾನೇ ಹೇಳ್ತೀನಿ.

ಇಪ್ಪತ್ತೆಂಟು ಕಾರ್ಡಲ್ಲೂ ನಿನ್ನ ತವರಿನ ಹೆಸರು, ನಿನ್ನ ತಮ್ಮನ ಮನೆ ವಿಳಾಸ. ನಾನು ಕೂಪನ್ನಿನ ಮೇಜಲ್ಲಿದ್ದೀನಿ, ಕಾರ್ಡು ನನ್ನ ಕಣ್ಣಿಗೆ ಬೀಳಲ್ಲ ಅಂತ ನೀನು ಅಂದ್ಕೊಂಡೆ. ಕಾರ್ಡಿನ ಮೇಜಿನ ಹುಡುಗಿ ಬಾಣಂತನಕ್ಕೆ ಹೋಗ್ತಾಳೆ, ನನ್ನನ್ನ ಅಲ್ಲಿಗೆ ಕೂರಿಸ್ತಾರೆ ಅಂತ ನಿನಗೇನು ಕನಸು ಬಿದ್ದಿತ್ತಾ? ನಿನ್ನ ಅಕ್ಷರ ನನಗೆ ಗೊತ್ತಾಗಲ್ವೇನೇ! ನಲವತ್ತು ವರ್ಷದಿಂದ ಮನೆ ಸಾಮಾನಿನ ಚೀಟಿ ಹಿಡ್ಕೊಂಡು ಅಂಗಡಿಗೆ ಹೋಗೋನು ನಾನೇ ಅಲ್ವಾ?

ರೂಲ್ಸು ಅಂತ ಇದೆಯಲ್ಲಾ... ಮನೆಯವರು ಅಂದ್ರೆ ಮೊದಲು ಹೆಂಡ್ತೀನೇ ತಾನೇ? ತೆಗೀಲೇಬೇಕಿತ್ತು. ತೆಗೆದೆ.

ಏನಾದ್ರೂ ಅನ್ನೇ.

...ಇಲ್ಲ. ರೂಲ್ಸಿಗಲ್ಲ. ಷಡ್ಡಕನ ನಲವತ್ತು ಬರೆದ ಕೈಗೆ ಯಾವ ರೂಲ್ಸು? ರೂಲ್ಸ್ ಪ್ರಕಾರ ಆದ್ರೆ ‘ತಿರಸ್ಕೃತ’ ಅಂತ ಸೀಲು ಹೊಡೆದು ಕಟ್ಟಲ್ಲಿ ಇಡಬೇಕಿತ್ತು. ಇಟ್ರೆ ಓದ್ತಾರೆ. ಊಟದ ಹೊತ್ತಲ್ಲಿ ಆ ಹುಡುಗೀರಿಗೆ ಅದೇ ಆಟ, ಕಾರ್ಡು ತೆಗೆಯೋದು, ಗಟ್ಟಿಯಾಗಿ ಓದೋದು, ನಗೋದು. ನಾನು ಆ ಮೇಜಿಗೆ ಹೋದ ದಿನವೇ ಒಬ್ಬಳು ನಿನ್ನದನ್ನ ಓದಿದ್ಲು. ‘ಬೆಳಗ್ಗೆ ಎದ್ದಾಗ ಬೆರಳು ಮಡಚಲು ಬರುವುದಿಲ್ಲ, ಯಜಮಾನರಿಗೆ ಹೇಳಿದರೆ ಮುಲಾಮು ಹಚ್ಚಿಕೋ ಅನ್ನುತ್ತಾರೆ.’ ‘ಯಾರೇ ಈ ಯಜಮಾನ್ರು, ಮುಲಾಮಿನ ಅಂಗಡಿ ಇಟ್ಟಿರಬೇಕು!’ ಅಂದ್ಲು ಇನ್ನೊಬ್ಬಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹೌದು, ನಕ್ಕೆ. ನಗದೆ ಇದ್ರೆ ಗೊತ್ತಾಗುತ್ತಲ್ಲ ಅಂತ.

ಆಮೇಲೆ ಯಾರಿಗೂ ಸಿಗದ ಹಾಗೆ, ಮೊದಲೇ ಬಂದು ಬಿದ್ದಿದ್ದನ್ನೂ ಸೇರಿಸಿ, ಆರಿಸಿ ಆರಿಸಿ ಜೇಬಿಗೆ ಹಾಕ್ಕೊಂಡೆ. ದಿನಾ ಒಂದು ಬರೋದು. ದಿನಾ ಬರೋ ದಾರೀಲಿ ಬಸ್ ಸ್ಟಾಪಲ್ಲಿ ನಿಂತು ಓದೋದು, ಹರಿದು ಹಾಕೋದು. ಒಂದರಲ್ಲಿದ್ದಿದ್ದು ಇನ್ನೊಂದರಲ್ಲಿ ಇರ್ತಿರಲಿಲ್ಲ ನೋಡು, ಅದೇ... ‘ಭಾನುವಾರ ಒಂದು ದಿನ ಯಜಮಾನರ ಪಕ್ಕ ಕೂತು ಕಾಫಿ ಬಿಸಿ ಇರುವಾಗಲೇ ಕುಡಿಯಬೇಕು.’ ಅದನ್ನ ಹರಿಯಕ್ಕೆ ಕೈ ಬರಲಿಲ್ಲ. ಆದ್ರೂ ಹರಿದೆ. ಮನೆಗೆ ಬಂದ್ರೆ ನೀನು ‘ನನ್ನ ತಮ್ಮ ಏನಾದ್ರೂ ಫೋನ್ ಮಾಡಿದ್ನಾ’ ಅಂತ ದಿನಾ ಕೇಳೋಳು. ‘ಇಲ್ಲ, ಯಾಕೆ?’ ಅನ್ನೋನು ನಾನು. ಯಾಕೆ ಅಂತ ಗೊತ್ತಿದ್ದೂ ಕೇಳೋನು. ಒಂದು ಮಾತು ಹೇಳಿದ್ರೆ ನೀನು ಆವತ್ತೇ ಆಸೆ ಬಿಡ್ತಿದ್ದೆ. ಹೇಳಲಿಲ್ಲ. ಹೇಳಿದ್ರೆ ಓದಿದ್ದೀನಿ ಅಂತ ಆಗುತ್ತೆ. ಓದಿದ್ದೀನಿ ಅಂದ ಮೇಲೆ ಮುಲಾಮು ಹಚ್ಚಿಕೋ ಅಂತ ಮತ್ತೆ ಹೇಗೆ ಹೇಳ್ಲಿ?

ಬೈಯಿ. ಆ ಚೊಂಬು ಎತ್ಕೊಂಡು ಬಿಸಾಕು ಬೇಕಾದ್ರೆ.

ಆಯ್ತು, ಆ ಚಾದರದ ಒಂದು ತುದಿ ಇತ್ತ ಕೊಡು, ನಾನು ಹಿಡ್ಕೋತೀನಿ, ಇಬ್ಬರೂ ಸೇರಿ ಹಿಂಡೋಣ. ಕೊಡೇ. ...ಕೊಡಲ್ವಾ? ಒಬ್ಬಳೇ ಹಿಂಡಬೇಡ, ಆ ಬೆರಳಲ್ಲಿ... ಬೇಡ ಅಂದ್ರೆ ಕೇಳು. ಏನಾದ್ರೂ ಒಂದು ಮಾತು ಆಡು ಮಾರಾಯ್ತಿ. ಮುಖ ನೋಡದೆ ಇರೋ ಜನಕ್ಕೆ ಇಪ್ಪತ್ತೆಂಟು ಮಾತು ಹೇಳಿದ್ದೀಯ. ನನಗೆ ಒಂದು ಹೇಳೇ.